ಗಾಯದ ಗಡಿ ಬರೆಯುವ ಪಟ್ಟಿಯಮ್ಮ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಎಲ್ಲರೂ ಪಟ್ಟಿಯಮ್ಮ ಎಂದೇ ಕರೆಯುವ ಐವತ್ತಾರರ ಹೆಂಗಸು ಮೊಣಕೈವರೆಗೆ ಕೈ ತೊಳೆದು, ಗಾಯ ತೊಳೆಯುವ ಉಪ್ಪುನೀರಿನ ಬಾಟಲಿಗಳನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸುತ್ತಾರೆ. ಹಾಗೆ ಮಾಡಿ ಎಂದು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. "ತಣ್ಣಗಿರೋದು ಸುರಿದ್ರೆ ಕಾಲು ಬೆಚ್ಚಿ ಬೀಳುತ್ತೆ. ಪಾಪ, ಅದಕ್ಕೆ ಮೊದಲೇ ಸಾಕಾಗಿರುತ್ತೆ" ಎನ್ನುತ್ತಾರೆ.

ಮೊದಲು ಬರುವವನು ಒಬ್ಬ ಕ್ಷೌರಿಕ. ಒಂದು ಕೈ ಹೆಂಡತಿಯ ಹೆಗಲ ಮೇಲೆ, ತನ್ನ ಹೆಗಲಿನಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ. ಅದರ ಕೊಳವೆ ಪಾದದವರೆಗೆ ಇಳಿದಿದೆ. ಗಾಯದೊಳಗೆ ಕಪ್ಪು ಸ್ಪಂಜು, ಮೇಲೆ ಗಾಳಿಯಾಡದಂತೆ ಅಂಟಿಸಿದ ತೆಳು ಹಾಳೆ. ಯಂತ್ರ ಹಗಲೂ ರಾತ್ರಿ ಕೆಟ್ಟ ನೀರನ್ನು ಹೀರುತ್ತಲೇ ಇರುತ್ತದೆ. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದಕ್ಕೆ ಚಪ್ಪಲಿಯೊಳಗಿನ ಕಲ್ಲು ಗೊತ್ತಾಗಿರಲಿಲ್ಲ. ಗಾಯಕ್ಕೆ ಈಗ ಹನ್ನೊಂದು ತಿಂಗಳು. ಡಾಕ್ಟರು ಕೊಟ್ಟ ಗಡುವು ಇಂದಿಗೆ ಮುಗಿಯುತ್ತದೆ. ಗಾಯ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಕಾಲು ಉಳಿಯುತ್ತದೆ. ಇಲ್ಲದಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕು.

ಪಟ್ಟಿಯಮ್ಮ ಮೊದಲು ಹೆಂಡತಿಗೊಂದು ಸ್ಟೂಲು ಎಳೆದುಕೊಡುತ್ತಾರೆ. ರಕ್ತದ ಪಟ್ಟಿ ಹಾಕುವ ಬಕೆಟ್ಟನ್ನು ಆಕೆಯ ಕಣ್ಣಿಗೆ ಬೀಳದಂತೆ ಮಂಚದ ಆಚೆಗೆ ತಳ್ಳುತ್ತಾರೆ. ಆಮೇಲೆ ಹಾಳೆಯನ್ನು ಅಂಚಿನಿಂದ ಬಿಡಿಸತೊಡಗುತ್ತಾರೆ.

ಇಪ್ಪತ್ತೇಳು ವರ್ಷದ ಹಿಂದೆ ಅವರು ಈ ಕೋಣೆಗೆ ಬಂದದ್ದು ನೆಲ ಒರೆಸಲು. ಆಗ ನರ್ಸ್‌ಗಳು ಗಾಯಕ್ಕಂಟಿ ಒಣಗಿದ ಬಟ್ಟೆಯನ್ನು ಚರ್ಮದ ಸಮೇತ ಕೀಳುತ್ತಿದ್ದರು. ಕೂಗು ಗೇಟಿನವರೆಗೆ ಕೇಳುತ್ತಿತ್ತು. ಬಟ್ಟೆಯನ್ನು ನೆನೆಸಿ ಬಿಡಿಸಿದರೆ ನೋವು ಕಡಿಮೆಯಾಗುತ್ತದೆಂದು ಒರೆಸುವ ಕೋಲು ಹಿಡಿದೇ ಹೇಳಿದವರು ಅವರು. ಆಗಿನ ಹಿರಿಯ ನರ್ಸ್ ನಕ್ಕು, "ಹಾಗಾದ್ರೆ ನೀನೇ ಮಾಡಮ್ಮ" ಎಂದರಂತೆ. ಪಟ್ಟಿಯಮ್ಮ ಮಾಡಿದರು, ಗಾಯ ಕಟ್ಟುವ ಕೆಲಸದ ಪರೀಕ್ಷೆ ಕಟ್ಟಿ ಪಾಸಾದರು. ಬೆಳ್ಳಿ ಬೆರೆತ ಪಟ್ಟಿ, ಚರ್ಮ ಬೆಳೆಸುವ ಜೆಲ್ಲು, ಹೀರುವ ಯಂತ್ರ, ಎಲ್ಲ ಒಂದೊಂದಾಗಿ ಬಂದವು, ಒಂದೊಂದನ್ನೂ ಕಲಿತರು. ಈಗ ದಿನಕ್ಕೆ ಮೂವತ್ತು ಗಾಯ. ಯಂತ್ರದ್ದಾದರೆ ಒಂದಕ್ಕೇ ಮುಕ್ಕಾಲು ಗಂಟೆ. ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಮದುವೆ ಮನೆಗೆ ಹೋದರೂ ಅಮ್ಮನ ಕಣ್ಣು ಜನರ ಕಾಲ ಮೇಲೇ ಇರುತ್ತದೆ ಎಂದು ಮಗಳ ದೂರು.

ಪ್ರತಿ ಸೋಮವಾರ ಅವರು ಚೌಕಗಳಿರುವ ಪಾರದರ್ಶಕ ಹಾಳೆಯನ್ನು ಗಾಯದ ಮೇಲೆ ಹಿಡಿದು ಪೆನ್ನಿನಿಂದ ಅಂಚು ಬರೆಯುತ್ತಾರೆ. ಕಳೆದ ವಾರದ ಹಾಳೆಯ ಮೇಲಿಟ್ಟರೆ ಗಾಯ ಎಷ್ಟು ಕುಗ್ಗಿದೆ ಎಂಬುದು ಕಾಣುತ್ತದೆ. ಎರಡು ತಿಂಗಳ ಹಿಂದೆ ಕ್ಷೌರಿಕನ ಮೂರು ವಾರದ ಗೆರೆಗಳು ಒಂದರ ಮೇಲೊಂದು ಹಾಗೇ ಕೂತುಬಿಟ್ಟವು. ಸಕ್ಕರೆ ಹತೋಟಿಯಲ್ಲಿತ್ತು, ಯಂತ್ರ ಸರಿಯಾಗಿತ್ತು. ಕಾಲು ತೆಗೆಯುವ ಮಾತು ಶುರುವಾಯಿತು.

ಪಟ್ಟಿಯಮ್ಮನಿಗೆ ಅನ್ನ ಸೇರಲಿಲ್ಲ. ಹಳೆಯ ದಾಖಲೆ ಪುಸ್ತಕ ತೆಗೆದು ಪುಟ ತಿರುವಿದರು. ಎಷ್ಟು ತುಂಡು ಸ್ಪಂಜು ಒಳಗಿದೆ ಎಂಬುದನ್ನು ಗಾಯಕ್ಕೆ ಅಂಟಿಸುವ ಹಾಳೆಯ ಮೇಲೆ ಬರೆಯುವುದು ಪದ್ಧತಿ. ಮುಂದಿನ ಸಲ ತೆಗೆಯುವವರು ಅಷ್ಟನ್ನೇ ಎಣಿಸಿ ತೆಗೆಯುತ್ತಾರೆ. ಒಂದು ದಿನದ ಪುಟದಲ್ಲಿ ಅವರೇ ಬಿಡಿಸಿದ ಚಿತ್ರದಲ್ಲಿ ಮೂರು ತುಂಡು, ಕೆಳಗೆ "ಹಾಳೆಯ ಮೇಲೆ ಬರೆದದ್ದು: ಎರಡು". ಗಾಯದ ಸಂದಿಯೊಳಗೆ ತುರುಕಿದ ಹೆಬ್ಬೆರಳ ಗಾತ್ರದ ಚೂರು ಲೆಕ್ಕದಿಂದ ತಪ್ಪಿತ್ತು. ಮುಂದಿನ ಸಲ, ರಜಾದಿನದ ಪಾಳಿಗೆ ಬಂದ ನರ್ಸ್ ಹುಡುಗಿ ಎರಡನ್ನೇ ತೆಗೆದಿದ್ದಳು.

ತಪ್ಪನ್ನು ಆ ಹುಡುಗಿಯ ತಲೆಗೆ ಕಟ್ಟುವುದು ಸುಲಭವಿತ್ತು. ಪಟ್ಟಿಯಮ್ಮ ಪುಸ್ತಕ ಎತ್ತಿಕೊಂಡು ಡಾಕ್ಟರ ಕೋಣೆಗೆ ಹೋದರು. "ಅವಳು ನನ್ನ ಬರಹ ನಂಬಿದ್ಲು ಸಾರ್. ತಪ್ಪು ನನ್ನದು. ಬೈಯೋದು ಆಮೇಲೆ ಬೈಯಿರಿ, ಮೊದಲು ಒಳಗೆ ನೋಡಿ."

ಸ್ಪಂಜಿನ ಚೂರು ಅಲ್ಲೇ ಇತ್ತು, ಅದರ ಮೇಲೆ ಮಾಂಸ ಬೆಳೆಯತೊಡಗಿತ್ತು. ಅದನ್ನು ತೆಗೆದ ಡಾಕ್ಟರು ಆರು ವಾರದ ಗಡುವು ಕೊಟ್ಟರು. ಆಡಳಿತದವರು ಪಟ್ಟಿಯಮ್ಮನ ಕೈಗೆ ಎಚ್ಚರಿಕೆ ಪತ್ರ ಕೊಟ್ಟರು. ಕ್ಷೌರಿಕನಿಗೂ ಪಟ್ಟಿಯಮ್ಮನೇ ಎಲ್ಲವನ್ನೂ ಹೇಳಿದರು. ಎರಡು ದಿನ ಮುಖ ಊದಿಸಿಕೊಂಡಿದ್ದ ಆತ ಮೂರನೆಯ ದಿನ ಕಾಲು ಚಾಚಿ, "ನಾನೂ ಎಷ್ಟೋ ಜನರ ಕಿವಿ ಕೊಯ್ದಿದೀನಿ ಅಕ್ಕ. ಒಬ್ರಿಗೂ ನಾನಾಗಿ ಹೇಳಿಲ್ಲ" ಎಂದನಂತೆ.

ಇಂದು ಎರಡು ತುಂಡು ಹೊರಬರುತ್ತವೆ. ಪಟ್ಟಿಯಮ್ಮ ಗಟ್ಟಿಯಾಗಿ ಎಣಿಸುತ್ತಾರೆ. ರಜೆಯ ಪಾಳಿಯ ಅದೇ ಹುಡುಗಿ ಪಕ್ಕದಲ್ಲಿ ನಿಂತು ತಾನೂ ಎಣಿಸುತ್ತಾಳೆ. ಬೆಚ್ಚನೆಯ ನೀರು ಬೀಳುತ್ತದೆ. ಹೊಸ ಗೆರೆ ಆರು ವಾರದ ಹಿಂದಿನ ಗೆರೆಯೊಳಗೆ, ತಟ್ಟೆಯೊಳಗಿನ ಪುಟ್ಟ ಬಟ್ಟಲಿನಂತೆ ಕೂರುತ್ತದೆ. ಡಾಕ್ಟರು ಬಂದು ಚೌಕಗಳನ್ನು ಎಣಿಸಿ, ತೊಡೆಯಿಂದ ತೆಳು ಚರ್ಮ ತೆಗೆದು ಹಾಕಿದರೆ ಮುಚ್ಚಿಕೊಳ್ಳುತ್ತದೆ, ಕಾಲಿಗೇನೂ ಭಯವಿಲ್ಲ ಎನ್ನುತ್ತಾರೆ. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಅಕ್ಕನ ಯಜಮಾನರಿಗೆ ಜೀವನಪೂರ್ತಿ ಪುಕ್ಕಟೆ ಕಟಿಂಗ್ ಎಂದು ಕ್ಷೌರಿಕ ಘೋಷಿಸುತ್ತಾನೆ. ಅವರ ತಲೆಯಲ್ಲಿ ಕೂದಲೇ ಇಲ್ಲವೆಂದು ಪಟ್ಟಿಯಮ್ಮ ತಿಳಿಸುತ್ತಾರೆ.

ಎರಡು ವರ್ಷದಲ್ಲಿ ಅವರಿಗೆ ನಿವೃತ್ತಿ. ಹೊಸಬರಿಗೆ ಪಾಠ ಮಾಡುವಾಗ ಡಾಕ್ಟರು ಈ ಪ್ರಕರಣ ಹೇಳುತ್ತಾರೆ, ಆದರೆ "ಒಬ್ಬ ಸಿಬ್ಬಂದಿ" ಎನ್ನುತ್ತಾರೆ. ಅದೊಂದು ಪಟ್ಟಿಯಮ್ಮನಿಗೆ ಹಿಡಿಸುವುದಿಲ್ಲ.

"ನನ್ನ ಹೆಸರು ಹಿಡ್ದೇ ಹೇಳ್ಲಿ" ಎನ್ನುತ್ತಾರೆ, ಕೈಗವಸು ಕಳಚುತ್ತಾ. "ಇಪ್ಪತ್ತೇಳು ವರ್ಷ ಕೆಲಸ ಮಾಡಿದವಳೇ ತಪ್ಪಿದ್ಲು ಅಂತ ಗೊತ್ತಾದ್ರೆ, ನಿನ್ನೆ ಸೇರಿದವಳು ಪಕ್ಕದವಳನ್ನೂ ಕರೆದು ಎಣಿಸೋಕೆ ನಾಚ್ಕೊಳಲ್ಲ."