ಬಳೆಗಾರನ ಎಡೆ

ಹೊಸ ಧೋತರದ ಮುಂದೆ ಎರಡು ಎಡೆಗಳಿದ್ದವು. ಮನೆಯಲ್ಲಿದ್ದದ್ದು ಎಂಬತ್ತು ದಾಟಿದ ಅಜ್ಜಿ ಒಬ್ಬಳೇ. ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಯ ದಿನ ಯಲಬುರ್ಗಾ ಕಡೆಯ ಹಳ್ಳಿಗೆ ಸಮೀಕ್ಷೆಗೆ ಹೋಗಿದ್ದ ಶಿಕ್ಷಕಿ ನಾನು. ತಂದೆ-ತಾಯಿಯ ಎಡೆಯೇ ಎಂದು ಕೇಳಿದೆ.

"ಒಂದು ನಮ್ಮ ಮುತ್ಯಾಂದು ಅಕ್ಕಾರ. ಇನ್ನೊಂದು ಅಂವ ಕೊಂದ ಬಳಿಗಾರಂದು."

ನಿಜಾಮರ ಕಾಲದಲ್ಲಿ ಅವಳ ಅಜ್ಜ, ಊರೂರು ತಿರುಗುವ ಬಳೆಗಾರನೊಬ್ಬನನ್ನು ಹಳ್ಳದ ದಂಡೆಯಲ್ಲಿ ಕೊಂದು ದೋಚಿದ್ದನಂತೆ. ಜೈಲಿನಲ್ಲೇ ಸತ್ತನಂತೆ. ಆ ಬಳೆಗಾರ ಯಾವ ಊರಿನವನೋ ತಿಳಿಯಲಿಲ್ಲ, ಹುಡುಕಿಕೊಂಡು ಯಾರೂ ಬರಲಿಲ್ಲ. ಅಂದಿನಿಂದ ಆ ಮನೆಯ ಹೆಂಗಸರೇ ಅವನಿಗೂ ಎಡೆ ಇಡುತ್ತ ಬಂದಿದ್ದಾರೆ. ಈಗ ಉಳಿದವಳು ಇವಳೊಬ್ಬಳು.

ಹೋಳಿಗೆಯನ್ನು ಅಜ್ಜಿ ಮೊದಲು ಬಳೆಗಾರನ ಎಲೆಗೆ ಹಾಕಿದಳು.

"ಮುತ್ಯಾ ಕಾಯಲಿ ಬಿಡ್ರಿ. ಇಂವ ಹಾದಿ ನಡದು ಬಂದಾನ. ನಾ ಹೋದ ಮ್ಯಾಲೆ ಇವಂಗ ಯಾರು ಇಡತಾರ?"

ಮನೆಯಲ್ಲಿರುವವರು ಒಬ್ಬರು ಎಂದು ಬರೆದುಕೊಂಡು ಎದ್ದೆ.

ಮರುವರ್ಷ ಹೋದಾಗ ಆ ಮನೆಗೆ ಬೀಗ ಬಿದ್ದಿತ್ತು. ಕೊಪ್ಪಳದ ನಮ್ಮ ಮನೆಯಲ್ಲಿ ಈಗ ಹಿರಿಯರ ಎಡೆಗಳ ಪಕ್ಕ ಇನ್ನೊಂದು ಎಲೆ ಹಾಕುತ್ತೇನೆ. ಯಾರಿಗೆಂದು ಅತ್ತೆ ಕೇಳಿದರೆ ಹೇಳಲು ಹೆಸರಿಲ್ಲ. ಹೋಳಿಗೆ ಮಾತ್ರ ಮೊದಲು ಅವನಿಗೇ.