ಅಪ್ಪನ ರಾಕೆಟ್ಟಿನ ಕೇಸರಿ ಕೊಡೆ

ಗ್ಯಾಸ್ ಆರಿಸಿದ ಮೇಲೆ ರೆಗ್ಯುಲೇಟರನ್ನು ಮತ್ತೊಮ್ಮೆ ಮುಟ್ಟಿ ನೋಡುವವಳು ನಾನು. ಬೀಗ ಹಾಕಿ ಮೆಟ್ಟಿಲಿಳಿದು, ಅರ್ಧದಲ್ಲಿ ನಿಂತು, ವಾಪಸು ಹತ್ತಿ ಬಂದು ಇನ್ನೊಮ್ಮೆ ಮುಟ್ಟುವವಳೂ ನಾನೇ. ದೀಪಾವಳಿ ಬಂತೆಂದರೆ ನಮ್ಮ ಡೊಂಬಿವಲಿಯ ಸೊಸೈಟಿಯ ಅಂಗಳದಲ್ಲಿ ಪಟಾಕಿ ಸಿಡಿಯುತ್ತಿರುವಾಗ ನಾನು ಮೂರನೇ ಮಹಡಿಯಲ್ಲಿ ಕಿಟಕಿ ಮುಚ್ಚಿ ಕೂರುತ್ತಿದ್ದೆ. ನೌಕರಿಗೆ ಹೋಗುವ ಹೆಣ್ಣು ಇಷ್ಟು ಹೆದರುಪುಕ್ಕಲಿಯಾದರೆ ಹೇಗೆ ಎಂದು ಅಮ್ಮ ನಗುತ್ತಿದ್ದಳು. ನಗಲಿ. ನನ್ನ ಹೆದರಿಕೆಗೆ ಕಾರಣವಿತ್ತು, ಆ ಕಾರಣ ನಮ್ಮ ಮನೆಯ ಆರಾಮಕುರ್ಚಿಯಲ್ಲಿಯೇ ಕುಳಿತು ಚಹಾ ಕುಡಿಯುತ್ತಿತ್ತು.

ಅಪ್ಪ ಮಹಾಪೆಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. ನಾನು ಶಾಲೆಯಲ್ಲಿದ್ದಾಗ ಒಂದು ದಿನ, ಬೋಂಡ ಕರಿಯುವ ಬಾಣಲೆಗೆ ನೀರು ಸೋರುತ್ತಿದ್ದ ಜಾಲರಿ ಸೌಟು ಬಿದ್ದು ಎಣ್ಣೆ ಸಿಡಿಯಿತು. ಅಪ್ಪನ ಬಲಗಣ್ಣು ಹೋಯಿತು. ಸಂಜೆ ಅವರನ್ನು ಮನೆಗೆ ಕರೆತಂದಾಗ ಮುಖಕ್ಕೆ ಸುತ್ತಿದ್ದ ಬಟ್ಟೆಯಿಂದ ಕರಿದೆಣ್ಣೆಯ ವಾಸನೆ ಬರುತ್ತಿತ್ತು. ಇಂದಿಗೂ ನಾನು ಬೋಂಡ ತಿನ್ನುವುದಿಲ್ಲ. ಅಪ್ಪ ಮಾತ್ರ ಪಟ್ಟಿ ಬಿಚ್ಚಿದ ಕೂಡಲೇ ಮತ್ತೆ ಅದೇ ಒಲೆಯ ಮುಂದೆ ಹೋಗಿ ನಿಂತರು. "ಇನ್ನೊಂದು ಉಂಟಲ್ಲ ಮಾರಾಯ್ತಿ, ಯಾಕೆ ಅಳುವುದು?" ಎಂದು ಎಡಗಣ್ಣು ಮಿಟುಕಿಸಿದ್ದರು. ಅಂದಿನಿಂದ ಆ ಎಡಗಣ್ಣನ್ನು ಕಾಯುವುದು ನನ್ನ ಕೆಲಸವಾಯಿತು. ಯಾರೂ ಒಪ್ಪಿಸಿದ್ದಲ್ಲ, ನಾನೇ ತಲೆಯ ಮೇಲೆ ಹೊತ್ತುಕೊಂಡದ್ದು.

ಆದ್ದರಿಂದ, ಕ್ಯಾಂಟೀನನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದ ಅಪ್ಪ ಒಂದು ಸಂಜೆ ಠಾಣೆ ಪೇಟೆಯ ಅಂಗಡಿಯೊಂದರಿಂದ ಉದ್ದನೆಯ ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಾಗ ನಾನು ಮೊದಲು ಅಲ್ಲಿದ್ದ ಬೆಂಕಿಪೊಟ್ಟಣವನ್ನು ದೂರ ಸರಿಸಿದೆ. ಪೆಟ್ಟಿಗೆಯ ಮೇಲೆ ರಾಕೆಟ್ಟಿನ ಚಿತ್ರ. ಒಳಗೆ ಒಂದು ಬಿಳಿ ಕೊಳವೆ, ಪ್ಲಾಸ್ಟಿಕ್ಕಿನ ಚೂಪು ಟೊಪ್ಪಿ, ಹಗುರ ಮರದ ಕೆಂಪು ರೆಕ್ಕೆಗಳು, ಕೇಸರಿ ಬಣ್ಣದ ಪುಟ್ಟ ಪ್ಯಾರಾಶೂಟ್. ಜೊತೆಗೆ ಬೆರಳಿನಷ್ಟು ದಪ್ಪದ, ಮದ್ದು ತುಂಬಿದ ಕೊಳವೆ. ಅದೇ ಎಂಜಿನ್.

"ಇದು ಮಕ್ಕಳಾಟಿಕೆ ಅಲ್ಲ ಅಪ್ಪ, ಇದರಲ್ಲಿ ಇರುವುದು ನಿಜವಾದ ಮದ್ದು," ಎಂದೆ.

"ನಾನೆಂತ ಮಗುವಾ? ಬೆಂಕಿ ನನ್ನ ಒಂದು ಕಣ್ಣು ತಕೊಂಡಿದೆ. ಒಮ್ಮೆಯಾದ್ರೂ ಅದು ನಾನು ಹೇಳಿದ ಹಾಗೆ ಕೇಳುವುದನ್ನು ನೋಡ್ಬೇಕು ನನಗೆ. ದಸರಾ ಕಳೆದ ಕೂಡಲೇ ಹಾರಿಸುವ. ತಡ ಮಾಡುವುದು ಬೇಡ."

ಎಂದೂ ಯಾವುದಕ್ಕೂ ಅವಸರ ಮಾಡದ ಮನುಷ್ಯ. ಈ ಅವಸರ ಎಲ್ಲಿಂದ ಬಂತೋ ಎಂದು ನನಗೆ ಸಿಟ್ಟು ಬಂತು. ಆದರೆ ನಾನು ಒಲ್ಲೆ ಎಂದರೆ ಅವರು ಒಬ್ಬರೇ ಕಟ್ಟಿ ಒಬ್ಬರೇ ಹಾರಿಸುವುದು ಖಂಡಿತವಾಗಿತ್ತು. ಹೆದರುವವಳು ಪಕ್ಕದಲ್ಲಿದ್ದರೇ ವಾಸಿ ಎಂದುಕೊಂಡು ಕತ್ತರಿ ಹಿಡಿದು ಕುಳಿತೆ. ಎಂಜಿನ್ನನ್ನು ಮಾತ್ರ ಆಗಲೇ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಅಡುಗೆಮನೆಯಿಂದ ದೂರ, ನನ್ನ ಕಪಾಟಿನ ಮೇಲಿಟ್ಟೆ. ಆ ವಾರವೆಲ್ಲ ನನಗೆ ಸರಿಯಾಗಿ ನಿದ್ದೆಯಿಲ್ಲ. ಕಪಾಟಿನ ಮೇಲೆ ಹಾವು ಮಲಗಿದೆ ಎಂದು ಗೊತ್ತಿದ್ದೂ ಕೆಳಗೆ ಹಾಸಿಗೆ ಹಾಸಿದ ಹಾಗಿತ್ತು.

ಕಟ್ಟುವ ಕೆಲಸ ಚೆನ್ನಾಗಿಯೇ ಸಾಗಿತು. ಸೂಚನೆಯ ಹಾಳೆಯನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ, ಅಪ್ಪ ಅಂಟು ಹಚ್ಚುತ್ತಿದ್ದರು. ರೆಕ್ಕೆ ಕೂರಿಸುವ ಗೆರೆಯನ್ನು ಅವರು ಹೆಬ್ಬೆರಳಿನಿಂದ ಸವರಿ ಸವರಿ ಹುಡುಕುತ್ತಿದ್ದರು. ಆದರೂ ಒಂದು ರೆಕ್ಕೆ ಸೊಟ್ಟಗೆ ಕೂತಿತು. "ದೋಸೆ ಮಗುಚಿದ ಕೈ ಇದು, ನಿನ್ನ ಹಾಗೆ ಕಂಪ್ಯೂಟರ್ ಒತ್ತಿದ್ದಲ್ಲ," ಎಂದು ನಕ್ಕರು. ನಾನು ಕಿತ್ತು ನೇರವಾಗಿ ಅಂಟಿಸಿದೆ. ಕೊನೆಗೆ ಪ್ಯಾರಾಶೂಟನ್ನು ಮಡಚಿ ಒಳಗಿಟ್ಟು ಟೊಪ್ಪಿ ಹಾಕಿ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅವರಿಗೆ ವಿವರಿಸಿದೆ. ರಾಕೆಟ್ ಹಾರಿ ತೀರ ಮೇಲೆ ಮುಟ್ಟಿದಾಗ ಎಂಜಿನ್ನಿನ ಒಳಗೆ ಇನ್ನೊಂದು ಚಿಕ್ಕ ಸಿಡಿತ ಆಗುತ್ತದೆ, ಅದು ಟೊಪ್ಪಿಯನ್ನು ತಳ್ಳುತ್ತದೆ, ಪ್ಯಾರಾಶೂಟ್ ಹೊರಬಂದು ಬಿಚ್ಚುತ್ತದೆ. ಟೊಪ್ಪಿ ಬಿಡಿಸಿಕೊಳ್ಳದಿದ್ದರೆ ರಾಕೆಟ್ ಮೂತಿ ಕೆಳಗಾಗಿ ಬಾಣದ ಹಾಗೆ ಬೀಳುತ್ತದೆ.

"ಕೇಸರಿ ಕೊಡೆ," ಎಂದರು ಅಪ್ಪ. ಪ್ಯಾರಾಶೂಟ್ ಎನ್ನುವ ಪದ ಅವರಿಗೆ ಹಿಡಿಸಲೇ ಇಲ್ಲ. "ನೀಲಿ ಆಕಾಶದಲ್ಲಿ ಕೇಸರಿ ಕೊಡೆ ಇಳಿದು ಬರುವುದು ಚಂದ ಕಾಣ್ತದೆ ಅಲ್ವಾ ಮಗಾ?" ಆ ವಾರ ಈ ಮಾತನ್ನು ಎಷ್ಟು ಸಲ ಹೇಳಿದರೋ!

ಆಯುಧಪೂಜೆಯ ದಿನ ಅಮ್ಮ ಎಂದಿನಂತೆ ದೇವರ ಮುಂದೆ ಮಣೆ ಹಾಕಿ, ಕ್ಯಾಂಟೀನಿನ ಕಾಲದ ಸಟ್ಟುಗ, ಸುತ್ತಿಗೆ, ಕತ್ತರಿ, ನನ್ನ ಲ್ಯಾಪ್‌ಟಾಪ್, ಸ್ಕೂಟರಿನ ಕೀಲಿಗಳನ್ನು ಸಾಲಾಗಿ ಇಟ್ಟಳು. ನಡುವೆ ರಾಕೆಟ್ಟನ್ನು ನಿಲ್ಲಿಸಿದಳು. ಊರಿನ ರೀತಿ ಬಿಡದವಳು ಅವಳು. ಮಾರ್ಕೆಟ್ಟಿನ ಮಾಲೆ ಬೇಡ ಎಂದು ಸೇವಂತಿಗೆಯನ್ನು ಬಾಳೆನಾರಿನಲ್ಲಿ ತಾನೇ ಕಟ್ಟಿದ್ದಳು. ಕಲಶದ ಕೊರಳಿಗೆ ಸುತ್ತುವಂತೆ ರಾಕೆಟ್ಟಿನ ಕೊರಳಿಗೂ ಒದ್ದೆ ನಾರನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿ, ಮೇಲೆ ಗಂಧ ಮೆತ್ತಿದಳು. ನನ್ನ ಗಮನ ಅಲ್ಲಿರಲಿಲ್ಲ. ಅಪ್ಪ ಒಳಗಿನಿಂದ ನನ್ನ ಸ್ಟೀಲ್ ಡಬ್ಬಿಯನ್ನೇ ಹಿಡಿದು ಬರುತ್ತಿದ್ದರು.

"ಆಯುಧ ಅಂದ್ರೆ ಇದು. ಅದು ಬರೀ ಗೂಡು," ಎಂದು ಎಂಜಿನ್ನನ್ನು ತೆಗೆದು ಉರಿಯುವ ಕರ್ಪೂರದ ತಟ್ಟೆಯ ಪಕ್ಕದಲ್ಲಿಯೇ ಇಟ್ಟರು!

ನಾನು ಕಿರುಚಿದ್ದು ಕೆಳಗಿನ ಮಹಡಿಗೂ ಕೇಳಿರಬೇಕು. ಹಾರಿ ಹೋಗಿ ಅದನ್ನು ಕಸಿದು ಬಾಲ್ಕನಿಗೆ ಓಡಿದೆ. ಪೂಜೆಯ ಹೊತ್ತಿನಲ್ಲಿ ಹೀಗಾ ಕಿರುಚುವುದು ಎಂದು ಅಮ್ಮ ತುಳುವಿನಲ್ಲಿ ಬೈದಳು. ಅಪ್ಪ ಮಾತ್ರ ತಟ್ಟೆಯ ಕಡೆ ನೋಡುತ್ತ ನಿಂತಿದ್ದರು, ತಟ್ಟೆ ಅಷ್ಟು ಹತ್ತಿರ ಹೇಗೆ ಬಂತು ಎಂದು ಯೋಚಿಸುವವರಂತೆ.

ಮುಂದಿನ ಭಾನುವಾರ ಹೊರಟೆವು. ಜಾಗ ಅಪ್ಪನೇ ಆರಿಸಿದ್ದು, ಮಹಾಪೆಯ ಅವರ ಹಳೆಯ ಕ್ಯಾಂಟೀನಿನ ಹಿಂದೆ ಗುಡ್ಡದ ಬುಡದಲ್ಲಿದ್ದ ಬಯಲು. ಹೊರಡುವ ಮುಂಚೆ ನಾನು ವೈರು, ಸೆಲ್ಲು ಹುಡುಕುತ್ತ, "ಅಪ್ಪ, ರಾಕೆಟ್ಟಿಗೆ ಸುತ್ತಿದ್ದನ್ನೆಲ್ಲ ತೆಗೆದುಬಿಡಿ," ಎಂದು ಕೂಗಿದೆ. "ತೆಗ್ದೆ, ತೆಗ್ದೆ," ಎಂದರು. ಬಾಡಿದ ಸೇವಂತಿಗೆ ಮೇಜಿನ ಮೇಲೆ ರಾಶಿ ಬಿದ್ದಿತ್ತು. ಅವರು ರಾಕೆಟ್ಟನ್ನು ಹಳೆಯ ಪಂಚೆಯಲ್ಲಿ ಸುತ್ತಿ ತಾವೇ ಹಿಡಿದುಕೊಂಡರು.

ಲೋಕಲ್ ರೈಲಿನಲ್ಲಿ ಮದ್ದು ಒಯ್ಯುವ ಮಾತೇ ಇರಲಿಲ್ಲ. ರೈಲಿನಲ್ಲಿ ಬಾಂಬ್ ಸಿಡಿದ ಮೇಲೆ ಸ್ಟೇಶನ್ನಿನಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಲ್ಲುವುದಕ್ಕೂ ಹೆದರಿಕೆಯಾಗುತ್ತಿದ್ದ ವರ್ಷಗಳವು. ನಮ್ಮನ್ನು ಹಿಡಿದರೆ ಏನು ಹೇಳುವುದು? ನನ್ನ ನೌಕರಿ, ಅಪ್ಪನ ಮರ್ಯಾದೆ, ಎಲ್ಲ ಪೇಪರಿನಲ್ಲಿ ಬಂದ ಹಾಗೆ ಕಣ್ಣಿಗೆ ಕಟ್ಟಿತು. ಹಾಗಾಗಿ ಶೀಳ್ ಫಾಟಾದ ದಾರಿಯಲ್ಲಿ ರಿಕ್ಷಾ ಮಾಡಿಕೊಂಡೆವು. ಅದರಲ್ಲೂ ನೆಮ್ಮದಿ ಎಲ್ಲಿ? ಪಂಚೆಯಿಂದ ಹೊರಗೆ ಇಣುಕುತ್ತಿದ್ದ ಕೆಂಪು ರೆಕ್ಕೆಗಳನ್ನು ನೋಡಿ ರಿಕ್ಷಾದವ, "ಕಾಕಾ, ಹೇ ಕಾಯ್ ಆಹೇ?" ಎಂದು ಕೇಳಿಯೇಬಿಟ್ಟ. ಇದೇನೆಂದು ಕೇಳಿದ್ದೇ ತಡ, ನಾನು ಎಂಜಿನ್ನಿನ ಡಬ್ಬಿಯ ಮೇಲೆ ಕೈಚೀಲ ಎಳೆದುಕೊಂಡೆ.

"ಆಕಾಶ್ ಕಂದೀಲ್," ಎಂದರು ಅಪ್ಪ, ತಣ್ಣಗೆ. ದೀಪಾವಳಿ ಹತ್ತಿರವಿತ್ತು, ಗೂಡುದೀಪದ ಮಾತು ಅವನಿಗೆ ಒಪ್ಪಿಗೆಯಾಯಿತು. ದಾರಿಯುದ್ದಕ್ಕೂ ಪ್ರತಿ ಹೊಂಡಕ್ಕೂ ನಾನು ಮಡಿಲಿನ ಡಬ್ಬಿಯನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದೆ.

ಬಯಲಿನಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಇನ್ನೊಂದು ಕೊನೆಯಲ್ಲಿ ಕೆಲವು ಯುವಕರು ಕ್ರಿಕೆಟ್ ಆಡುತ್ತಿದ್ದರು. ಎಂಜಿನ್ನನ್ನು ನಾನೇ, ಪಂಚೆಯಿಂದ ಹೊರಗಿದ್ದ ರಾಕೆಟ್ಟಿನ ಬುಡಕ್ಕೆ ತುರುಕಿ, ಅದನ್ನು ಹೊತ್ತಿಸುವ ತೆಳು ತಂತಿ ಸಿಕ್ಕಿಸಿ, ಅಪ್ಪನ ಕೈಗೆ ಕೊಟ್ಟೆ. ಹುಲ್ಲು ಸವರಿದ ಜಾಗದಲ್ಲಿ ನೆಟ್ಟಿದ್ದ ಉಕ್ಕಿನ ಕಡ್ಡಿಗೆ ಅದನ್ನು ಪೋಣಿಸಿ ವೈರಿನ ಕ್ಲಿಪ್ಪು ಹಾಕುವುದು ತನ್ನ ಕೆಲಸ ಎಂದು ಅವರು ಮೊದಲೇ ಕರಾರು ಮಾಡಿಕೊಂಡಿದ್ದರು. ನಾನು ಸೆಲ್ಲು ಹಾಕಿದ ಗುಂಡಿಪೆಟ್ಟಿಗೆ ಹಿಡಿದು ವೈರು ಬಿಚ್ಚುತ್ತ ದೂರ ನಡೆದೆ. ಅಪ್ಪ ಬಂದು ಪಕ್ಕದಲ್ಲಿ ನಿಂತರು. ಪೆಟ್ಟಿಗೆಯ ಕೀಲಿ ತಿರುಗಿಸಿ, ಕಣ್ಣು ಮುಚ್ಚಿ ಗುಂಡಿ ಒತ್ತಿದೆ.

ಏನೂ ಆಗಲಿಲ್ಲ.

ಕಣ್ಣು ತೆರೆದರೆ ಅಪ್ಪ ಪಕ್ಕದಲ್ಲಿಲ್ಲ. ಆಗಲೇ ರಾಕೆಟ್ಟಿನ ಕಡೆ ಹೆಜ್ಜೆ ಹಾಕುತ್ತಿದ್ದರು.

"ಅಪ್ಪಾ, ನಿಲ್ಲಿ! ಈಗ ಹೋಗ್ಬಾರ್ದು! ತಡವಾಗಿ ಹೊತ್ತಿಕೊಳ್ತದೆ ಕೆಲವು ಸಲ!"

"ಎಂತ ಹೆದರ್ಲಿಕ್ಕೆ ಉಂಟು? ಕ್ಲಿಪ್ ಜಾರಿರ್ಬೇಕು," ಎನ್ನುತ್ತ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಮುಖವನ್ನು ತೀರ ಬುಡಕ್ಕೆ ತಂದರು. ಎಡಗಣ್ಣು ಎಂಜಿನ್ನಿನ ತೂತಿಗೆ ತಾಗುವಂತಿತ್ತು. ನಾನು ಕೀಲಿಯನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದೆ, ಅಂಗೈಗೆ ಚುಚ್ಚುವಷ್ಟು ಗಟ್ಟಿಯಾಗಿ. ಆ ಕಣ್ಣು, ಆ ಒಂದೇ ಕಣ್ಣು. ದೇವರೇ, ಇದೊಂದನ್ನು ಉಳಿಸು ಎಂದು ಬಾಯಿಬಿಟ್ಟು ಬೇಡಿಕೊಂಡೆ. ಅವರು ಅವಸರವೇ ಇಲ್ಲದೆ ಬೆರಳಿನಿಂದ ತಡಕಾಡಿ ಕ್ಲಿಪ್ಪು ಹಾಕಿ, ಪ್ಯಾಂಟು ಕೊಡವಿಕೊಂಡು ಬಂದರು. ಬಂದವರಿಗೆ ಚೆನ್ನಾಗಿ ಬೈದೆ. ನಗುತ್ತ ಕೇಳಿಸಿಕೊಂಡರು.

ಎರಡನೇ ಸಲ ಗುಂಡಿ ಒತ್ತಿದಾಗ ಬುಸ್ಸೆಂದು ಬಿಳಿ ಹೊಗೆ ಎದ್ದಿತು. ನೋಡುವಷ್ಟರಲ್ಲಿ ಕಡ್ಡಿ ಖಾಲಿ! ರಾಕೆಟ್ ನೆಟ್ಟಗೆ ಮೇಲೇರಿ ಚುಕ್ಕೆಯಾಯಿತು. ಕ್ರಿಕೆಟ್ ನಿಂತುಹೋಯಿತು. ನನ್ನ ಹೆದರಿಕೆ ಒಂದು ಗಳಿಗೆ ಎಲ್ಲಿ ಹೋಯಿತೋ, ನಾನೂ ಕುಣಿದೆ. ಅಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಣೆಗೆ ಕೈಯಿಟ್ಟು, ಮುಖ ಮೇಲೆತ್ತಿ ಚಿಕ್ಕ ಮಗುವಿನಂತೆ ನಗುತ್ತಿದ್ದರು. ಮೇಲೆ ಪಟ್ ಎಂದು ಸಣ್ಣ ಶಬ್ದವಾಯಿತು.

ಕೇಸರಿ ಬಣ್ಣ ಕಾಣಲಿಲ್ಲ. ಚುಕ್ಕೆ ಮಗುಚಿತು, ದೊಡ್ಡದಾಗತೊಡಗಿತು.

ಮೂತಿ ಕೆಳಗೆ ಮಾಡಿಕೊಂಡು ಅದು ಅಪ್ಪನ ಮೇಲೆಯೇ ಬರುತ್ತಿತ್ತು. "ಅಂಕಲ್, ಹಟೋ! ಹಟ್ ಜಾವ್!" ಎಂದು ಯುವಕರು ಬೊಬ್ಬೆ ಹಾಕಿದರು. ಅಪ್ಪ ಅಲುಗಲಿಲ್ಲ. ಹಾಗೆಯೇ ನಗುತ್ತ, ಆಕಾಶದ ಬೇರೆಯೇ ಮೂಲೆಯನ್ನು ನೋಡುತ್ತ ನಿಂತಿದ್ದರು. ನಾನು ಓಡಿ ಅವರ ಅಂಗಿ ಹಿಡಿದು ಎಳೆದೆ. ಇಬ್ಬರೂ ಹುಲ್ಲಿನಲ್ಲಿ ಬಿದ್ದೆವು. ಅವರು ನಿಂತಿದ್ದ ಜಾಗದಲ್ಲಿ ದಪ್ಪೆಂದು ಸದ್ದಾಯಿತು.

ಕಣ್ಣು ಉಳಿಯಿತು ಎಂಬುದೊಂದೇ ನನ್ನ ತಲೆಯಲ್ಲಿ. ಅಪ್ಪ ಎದ್ದು ಕುಳಿತು ಹುಲ್ಲು ಕೊಡವಿಕೊಂಡರು.

"ಎಂತಕ್ಕೆ ಎಳೆದದ್ದು ಮಾರಾಯ್ತಿ? ಕೊಡೆ ಬಿಚ್ಚಿದ್ದು ನೋಡ್ದೆಯಾ? ನಾನು ಹೇಳಿರ್ಲಿಲ್ವಾ? ಕೇಸರಿ ಕೊಡೆ, ಎಷ್ಟು ಚಂದ ಇಳೀತಾ ಬಂತು!"

ರಾಕೆಟ್ ಅವರ ಎಡಪಕ್ಕದಲ್ಲಿ, ಕೈಗೆಟಕುವಷ್ಟು ಹತ್ತಿರ, ಅರ್ಧ ಮೂತಿ ನೆಲಕ್ಕೆ ಹುಗಿದುಕೊಂಡು ನಿಂತಿತ್ತು. ಕೆಂಪು ರೆಕ್ಕೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಎಡಪಕ್ಕದಲ್ಲಿ. ಒಳ್ಳೆಯ ಕಣ್ಣಿನ ಪಕ್ಕದಲ್ಲಿ.

"ಕೊಡೆ ಬಿಚ್ಚಲಿಲ್ಲ ಅಪ್ಪ," ಎಂದೆ.

ಅವರ ನಗು ಮೆಲ್ಲಗೆ ನಿಂತಿತು. ಆಮೇಲೆ ಎರಡೂ ಕೈಯಿಂದ ಸುತ್ತಲಿನ ಹುಲ್ಲನ್ನು ಸವರತೊಡಗಿದರು. "ಎಲ್ಲಿ ಬಿತ್ತು ಮಗಾ?"

ಅವರ ಕೈ ಹಿಡಿದು ರಾಕೆಟ್ಟಿನ ಮೇಲಿಟ್ಟೆ. ಅದನ್ನು ಕಿತ್ತು ಮಡಿಲಲ್ಲಿಟ್ಟುಕೊಂಡು ಬುಡದಿಂದ ಮೇಲಕ್ಕೆ ಸವರುತ್ತ ಹೋದರು. ಕೊರಳಿನ ಹತ್ತಿರ ಬೆರಳುಗಳು ನಿಂತವು. ಒದ್ದೆಯಾಗಿ ಸುತ್ತಿದ್ದ ನಾರು ಒಣಗಿ, ಗಂಧದೊಂದಿಗೆ ಸೇರಿ, ಟೊಪ್ಪಿಯನ್ನೂ ಕೊಳವೆಯನ್ನೂ ಗಟ್ಟಿಯಾಗಿ ಬಿಗಿದಿತ್ತು. ಬಿಳಿಯ ಮೇಲೆ ಬಿಳುಚಿದ ನಾರು, ಆದರೂ ಕಣ್ಣಿರುವವರಿಗೆ ಕಾಣುವಂಥದ್ದೇ.

"ಬಾಳೆನಾರು," ಎಂದರು ಅಪ್ಪ, ಮೆಲುದನಿಯಲ್ಲಿ. "ಹೂ ಮಾತ್ರ ಕೈಗೆ ಸಿಕ್ಕಿತು ನನಗೆ."

"ಯಾವಾಗಿಂದ ಅಪ್ಪ?"

"ಆಟಿ ತಿಂಗಳಿಂದ. ಮಳೆಗಾಲದ ಮಬ್ಬು ಅಂದ್ಕೊಂಡೆ ಮೊದ್ಲು. ಮಳೆ ನಿಂತಿತು, ಇದು ನಿಲ್ಲಲಿಲ್ಲ." ಗಂಟನ್ನು ಉಗುರಿನಿಂದ ಬಿಡಿಸುತ್ತಲೇ ಇದ್ದರು. "ಪೂರ್ತಿ ಹೋಗುವ ಮುಂಚೆ ಮೇಲೆ ಹೋಗುವುದೊಂದನ್ನು ನೋಡುವ ಅಂತ ಆಯ್ತು. ಹೊಗೆ ಕಂಡಿತು ಮಗಾ. ಹೊಗೆ ಮಾತ್ರ ಚೆನ್ನಾಗಿ ಕಂಡಿತು."

ಇಷ್ಟು ವರ್ಷ ನಾನು ಬೆಂಕಿಗೆ ಹೆದರಿ ಕಾದೆ. ಒಲೆ, ಎಣ್ಣೆ, ಕರ್ಪೂರ, ಮದ್ದು, ಎಲ್ಲದರಿಂದಲೂ ಆ ಕಣ್ಣನ್ನು ಕಾದೆ. ಅದು ನನ್ನ ಕಣ್ಣೆದುರಿಗೇ, ಯಾವ ಸದ್ದೂ ಇಲ್ಲದೆ ಆರುತ್ತಿತ್ತು. ಅಂದು ಆ ಬಯಲಿನಲ್ಲಿ ಆದಂಥ ಹೆದರಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ನಾರು ಬಿಚ್ಚಿಕೊಂಡಿತು. ಟೊಪ್ಪಿ ಎಳೆದಾಗ ಸುಟ್ಟ ವಾಸನೆಯೊಂದಿಗೆ ಪ್ಯಾರಾಶೂಟ್ ಹೊರಗೆ ಬಂತು. ಅಪ್ಪ ಅದನ್ನು ಮಡಿಲಲ್ಲಿ ಹರಡಿ, ಸುಕ್ಕು ಬಿಡಿಸಿ, ಎಡಗಣ್ಣಿನ ಹತ್ತಿರ, ಇನ್ನೂ ಹತ್ತಿರ ಹಿಡಿದರು.

"ಕೇಸರಿ ಅಲ್ವಾ?" ಎಂದು ಕೇಳಿದರು.