ಲಾರಿ ಟ್ಯಾಂಕಿನ ಕೆಳಗೆ ಅಮ್ಮನ ತಂಬಿಗೆ

ಕಳೆದ ವಾರ ಶಾಮನೂರು ರೋಡಿನಲ್ಲಿ ಪಕ್ಕದ ಮನೆ ಮಂಜುನಾಥನ ಹೊಸ ಡೀಸೆಲ್ ಕಾರು ನಿಂತುಬಿಟ್ಟಿತು. ಒಳಗೆ ನಾನೂ ಇದ್ದೆ. (ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತೀನಿ ಬನ್ನಿ ಅಂದಿದ್ದ, ಪಾಪ.) ಸ್ಟೇರಿಂಗಿನ ಮುಂದೆ ಹಳದಿ ದೀಪವೊಂದು ಮಿಣಮಿಣ ಅನ್ನುತ್ತಿತ್ತು. ಮೆಕ್ಯಾನಿಕ್ ಬಂದ, ನೋಡಿದ. "ಡೀಸೆಲ್‌ನಾಗ ನೀರು ಸೇರೈತೆ ಸಾರ್, ಅದಕ್ಕೇ ಲೈಟ್ ಬಂದೈತೆ" ಅಂದ.

ನಾನು ಜೋರಾಗಿ ನಕ್ಕುಬಿಟ್ಟೆ. ಮಂಜುನಾಥನಿಗೆ ರೇಗಿತು. "ಯಾಕ ನಗ್ತೀರಿ ಅಜ್ಜಿ?"

ಯಾಕೆ ಅಂತ ಬಿಸಿಲಲ್ಲಿ, ರಸ್ತೆ ಬದಿಯಲ್ಲಿ ನಿಂತು ಹೇಳುವುದು ಹೇಗೆ? ನೀವಾದರೆ ನೆರಳಲ್ಲಿ ಕೂತು ಓದುತ್ತೀರಿ, ನಿಮಗೇ ಹೇಳುತ್ತೇನೆ.

ಅರವತ್ತರ ದಶಕದ ಶುರು. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ನಮ್ಮ ಯಜಮಾನರ ಹತ್ತಿರ ಒಂದು ಹಳೆಯ ಡೀಸೆಲ್ ಲಾರಿ. ಅವರೇ ಓನರ್, ಅವರೇ ಡ್ರೈವರ್. ದಾವಣಗೆರೆಯಲ್ಲಿ ಹತ್ತಿ, ಶೇಂಗಾ ಹೇರಿಕೊಂಡು ಹರಿಹರದ ಹೊಳೆ ದಾಟಿ ಹೋಗುವುದು, ಬರುವುದು. ನಮಗೆ ಡೀಸೆಲ್ ಬರುತ್ತಿದ್ದದ್ದು ಡ್ರಮ್ಮಿನಲ್ಲಿ. ಮಳೆಗಾಲ ಬಂತೆಂದರೆ ಆ ಡ್ರಮ್ಮಿನೊಳಗೆ ಡೀಸೆಲ್ ಎಷ್ಟು, ನೀರೆಷ್ಟು, ದೇವರಿಗೇ ಗೊತ್ತು. ಬಟ್ಟೆಯಲ್ಲಿ ಸೋಸಿದರೂ ನೀರು ಟ್ಯಾಂಕಿಗೆ ಇಳಿದೇ ಇಳಿಯುತ್ತಿತ್ತು.

ದಾರಿಯಲ್ಲಿ ಬಾತಿ ಊರಿನ ಹತ್ತಿರ ಬರುವಷ್ಟರಲ್ಲಿ ಲಾರಿ ಕೆಮ್ಮಲು ಶುರು. ಹರಿಹರದ ಸೇತುವೆಯ ನಟ್ಟನಡುವೆ ನಿಂತೇಬಿಡುತ್ತಿತ್ತು. ಹಿಂದೆ ಎತ್ತಿನ ಗಾಡಿಗಳು, ಮುಂದೆ ಬಸ್ಸು, ಎರಡೂ ಕಡೆಯಿಂದ ಬೈಗುಳ. ಯಜಮಾನರು ಪೈಪು ಬಿಚ್ಚಿ ಬಾಯಲ್ಲಿ ಊದಿ, ಡೀಸೆಲ್ ಕುಡಿದ ಮುಖ ಹೊತ್ತು ಮನೆಗೆ ಬರುತ್ತಿದ್ದರು. ಆಮೇಲೆ ನನ್ನ ಸಾರಿಗೆ ರುಚಿಯಿಲ್ಲ ಅನ್ನುವುದು!

ಒಂದು ದಿನ ಅವರಿಗೆ ಐಡಿಯಾ ಹೊಳೆಯಿತು. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ತಳದಲ್ಲಿ ಒಂದು ಗುಂಡಿ ಇದ್ದರೆ ಅಲ್ಲೇ ಕೂತುಕೊಳ್ಳುತ್ತದೆ. ಗುಂಡಿಗೊಂದು ನಲ್ಲಿ ಇಟ್ಟರೆ ಬೆಳಿಗ್ಗೆ ಎದ್ದು ನೀರನ್ನಷ್ಟೇ ಬಿಟ್ಟುಬಿಡಬಹುದು. ಮನೆಗೆ ಸಂಪು ಇದ್ದ ಹಾಗೆ ಲಾರಿಗೊಂದು ಸಂಪು.

ಪೇಟೆಯಲ್ಲಿ ಪಾತ್ರೆ ಬೆಸೆಯುವ ಇಬ್ರಾಹಿಂ ಸಾಬರ ಹತ್ತಿರ ಹೋದರು. ಸಾಬರು ಯೋಚಿಸಿ ಅಂದರಂತೆ: "ಹೊಟ್ಟಿ ದೊಡ್ಡದಿರ್ಬೇಕು, ಬಾಯಿ ಸಣ್ಣದಿರ್ಬೇಕು ಭಾಯ್. ಇಲ್ಲಾಂದ್ರ ಲಾರಿ ಕುಲುಕಿದಾಗ ನೀರು ತಿರುಗಿ ಮ್ಯಾಲ ಬರ್ತೈತೆ."

ದೊಡ್ಡ ಹೊಟ್ಟೆ, ಸಣ್ಣ ಬಾಯಿ. ನಮ್ಮವರಿಗೆ ಏನು ನೆನಪಾಯಿತು ಹೇಳಿ?

ನನ್ನ ತವರಿನ ಹಿತ್ತಾಳೆ ತಂಬಿಗೆ!

ಮದುವೆಯಲ್ಲಿ ಅಮ್ಮ ಕೊಟ್ಟಿದ್ದು. ಕಂಠದ ಸುತ್ತ ಚುಕ್ಕಿ ಅಕ್ಷರದಲ್ಲಿ 'ಭಾನುವಳ್ಳಿ ಹಾಲಮ್ಮ' ಎಂದು ಹೆಸರು ಕೊರೆಸಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಚುಕ್ಕಿಗಳ ಮೇಲೆ ಬೆರಳಾಡಿಸಿ "ಇದು ನಾನು" ಅನ್ನುತ್ತಿದ್ದಳು. ನಾನು ಅದನ್ನು ದಿನಬಳಕೆಗೆ ತೆಗೆಯದೆ, ಹುಣಸೆಹಣ್ಣು ಹಾಕಿ ತಿಕ್ಕಿ, ಅಡುಗೆಮನೆ ಗೋಡೆಯ ಎತ್ತರದ ಹಲಗೆ, ನಾಗೊಂದಿಗೆ ಮೇಲೆ ಇಟ್ಟಿದ್ದೆ.

ಹಿತ್ತಲಲ್ಲಿ ನಾನು ಬಟ್ಟೆ ಒಗೆಯುತ್ತಿದ್ದಾಗ ಒಯ್ದಿದ್ದಾರೆ. ಕೇಳಲಿಲ್ಲ. (ಆಗಿನ ಗಂಡಸರು ಏನನ್ನು ಕೇಳಿ ಒಯ್ಯುತ್ತಿದ್ದರು?) ಹೆಸರು ನೋಡಿದ ಸಾಬರು "ಮನ್ಯಾಗ ಕೇಳೀರೇನು ಭಾಯ್?" ಅಂದರೆ ಇವರು "ಹೂಂ" ಅಂದಿದ್ದಾರೆ. ಸಾಬರೇ ಆಮೇಲೆ ನನಗೆ ಹೇಳಿದ್ದು. ಟ್ಯಾಂಕು ಕಳಚಿ, ಸೋಡಾ ನೀರಲ್ಲಿ ತೊಳೆದು, ಒಳಗೆ ಡೀಸೆಲ್ ಆವಿ ಉಳಿದರೆ ಬೆಂಕಿ ಹತ್ತೀತೆಂದು ಎರಡು ದಿನ ಬಿಸಿಲಿಗಿಟ್ಟು, ತಳಕ್ಕೆ ತೂತು ಹೊಡೆದು, ತಂಬಿಗೆಯ ಬಾಯಿ ಕೂಡಿಸಿ ಬೆಸೆದರು. ತಂಬಿಗೆಯ ಬುಡಕ್ಕೆ ನಲ್ಲಿ.

ಅಮ್ಮ ಬರುತ್ತಾಳೆಂದು ಸುದ್ದಿ ಬಂದ ದಿನ ನಾನು ನಾಗೊಂದಿಗೆಗೆ ಕೈ ಹಾಕಿದೆ. ಖಾಲಿ.

"ತಂಬಿಗಿ ಎಲ್ರಿ?"

"ಲಾರ್ಯಾಗ ಐತೆ."

"ಕುಡಿಯಾಕ ಒಯ್ದಿದ್ರೇನು? ತಂದುಕೊಡ್ರಿ."

"ತರಾಕ ಬರಂಗಿಲ್ಲ."

ವಿಷಯ ತಿಳಿದು ನಾನು ಕೂತು ಅತ್ತೆ. ಅಮ್ಮ ಬಂದರೆ ಅವಳು ಕೊಟ್ಟ ತಂಬಿಗೆಯಲ್ಲೇ ಕಾಲಿಗೆ ನೀರು ಕೊಡಬೇಕು. ಅದು ಕಂಡರೆ ಮಗಳು ಸುಖವಾಗಿದ್ದಾಳೆ ಅಂತ. ಕಾಣದಿದ್ದರೆ ಅಳಿಯ ಮಾರಿಕೊಂಡಿದ್ದಾನೆ ಅಂತ. ಊರಿಗೆ ಹೋಗಿ ಅವಳು ಏನೆಂದು ಹೇಳಬೇಕು? ಎಂಟು ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಆ ಎಂಟು ದಿನವೂ ಲಾರಿ ಎಲ್ಲೂ ನಿಲ್ಲಲಿಲ್ಲ. ಅದಕ್ಕೆ ನನಗೆ ಇನ್ನೂ ಸಿಟ್ಟು!

ಅಮ್ಮನನ್ನು ಭಾನುವಳ್ಳಿಯಿಂದ ಅವರೇ ಲಾರಿಯಲ್ಲಿ ಕರೆತಂದರು. ದಾರಿಯಲ್ಲಿ ಹೇಳಿರುತ್ತಾರೆ ಅಂದುಕೊಂಡೆ. ಹೇಳಿರಲಿಲ್ಲ. ಬಾಗಿಲಲ್ಲಿ ನಾನು ಅಲ್ಯೂಮಿನಿಯಂ ತಂಬಿಗೆ ಹಿಡಿದು ನಿಂತೆ. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮೆಟ್ಟಿಲು ಹತ್ತಲಿಲ್ಲ.

"ನನ್ನ ತಂಬಿಗಿ ಎಲ್ಲೈತವ್ವ?"

ಯಜಮಾನರೇ ಮುಂದೆ ಬಂದರು. "ಬರ್ರಿ ಅತ್ತಿ, ತೋರಿಸ್ತೀನಿ."

ಲಾರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗಾಜಿನ ಲೋಟ ಹಿಡಿದು ನಲ್ಲಿ ತಿರುಗಿಸಿದರು. ಮೊದಲು ನೀರು ಬಂತು, ಆಮೇಲೆ ಡೀಸೆಲ್. "ಇದು ನೀರು ಹಿಡ್ಕಳ್ಳಲಿಲ್ಲಾಂದ್ರ ನಾವಿನ್ನೂ ಬಾತಿ ಹತ್ರಾನೇ ನಿಂತಿರ್ತಿದ್ವಿ ಅತ್ತಿ" ಅಂದರು. ಅವರ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಮ್ಮ ಸೆರಗು ಸಿಕ್ಕಿಸಿ ನೆಲಕ್ಕೆ ಕೂತಳು. ಟ್ಯಾಂಕಿನ ಕೆಳಗೆ ಕೈ ಹಾಕಿ ಚುಕ್ಕಿಗಳನ್ನು ಹುಡುಕಿದಳು. ಬೆರಳೆಲ್ಲ ಕಪ್ಪಾಯಿತು.

"ನೀರು ಹಿಡಿಯಾಕ ಕೊಟ್ಟಿದ್ದೆ. ಹಿಡಿತೈತಲ್ಲ, ಸಾಕು ಬಿಡ್ರಿ ಅಳಿಯಾರ" ಅಂದಳು. ಎದ್ದು ನಿಂತ ಮೇಲೆ ಇನ್ನೊಂದು ಮಾತು ಸೇರಿಸಿದಳು. "ಆದ್ರ ಕೇಳಿ ಒಯ್ಬೇಕಿತ್ತು. ನನ್ನಲ್ಲ, ನನ್ನ ಮಗಳ್ನ."

ಆಮೇಲೆ ಅಲ್ಯೂಮಿನಿಯಂ ತಂಬಿಗೆಯ ನೀರಲ್ಲೇ ಕಾಲು ತೊಳೆದು ಒಳಗೆ ಬಂದಳು. ಆ ಮಳೆಗಾಲವಿಡೀ ದಿನಾ ಬೆಳಿಗ್ಗೆ ಯಜಮಾನರು ಲೋಟ ಹಿಡಿದು ನೀರು ಬಿಡುತ್ತಿದ್ದರು. ಲೋಟವನ್ನು ಬಿಸಿಲಿಗೆ ಹಿಡಿದು ನೋಡಿಯೇ ಲಾರಿ ಹತ್ತುವುದು. ಅವರಿಗೆ ಅದೇ ಪೂಜೆ. ನಾನು ಕಿಟಕಿಯಿಂದ ನೋಡುತ್ತಿದ್ದೆ, ಕರೆದರೆ ಹೋಗುತ್ತಿರಲಿಲ್ಲ. ಈಗ ಆ ಲೋಟದ ಬೆಳಕು ಕಣ್ಣಿಗೆ ಕಟ್ಟುತ್ತದೆ.

ಕೆಲವು ವರ್ಷದ ಮೇಲೆ ಲಾರಿ ಮಾರಿದರು. ಮಾರುವ ಮುಂಚೆ ಸಾಬರ ಹತ್ತಿರ ಹೋಗಿ ತಂಬಿಗೆ ಬಿಚ್ಚಿಸಿ, ಟ್ಯಾಂಕಿಗೆ ತಗಡು ಹಚ್ಚಿಸಿದ್ದಾರೆ. ಮನೆಗೆ ತಂದು, ತಾವೇ ಹುಣಸೆಹಣ್ಣು ಹಾಕಿ ತಿಕ್ಕಿ, ನಾಗೊಂದಿಗೆ ಮೇಲೆ ಇಟ್ಟರು. ಬುಡದಲ್ಲಿ ನಲ್ಲಿಯ ತೂತು ಹಾಗೇ ಇತ್ತು. ಇಟ್ಟವರು ಹೋಗಲಿಲ್ಲ. ಬೆಂಕಿಪೊಟ್ಟಣ ಹುಡುಕುವವರ ಹಾಗೆ ಅಡುಗೆಮನೆ ಬಾಗಿಲಲ್ಲೇ ಸುಳಿದಾಡಿದರು. ನಾನು "ಕೈ ತೊಳ್ಕಳ್ರಿ, ಊಟಕ್ಕ ಬಡಿಸ್ತೀನಿ" ಅಂದೆ. ಅಷ್ಟೇ ಅಂದೆ.

ಅವರು ಹೋಗಿ ನಾಲ್ಕು ವರ್ಷವಾಯಿತು. ಕಳೆದ ವಾರ ಮಂಜುನಾಥನ ಕಾರಿನಿಂದ ಇಳಿದು ಬಂದವಳೇ ತಂಬಿಗೆ ಇಳಿಸಿ ಮೂಗಿಗೆ ಹಿಡಿದೆ. ಇನ್ನೂ ಡೀಸೆಲ್ ವಾಸನೆ. (ಅಥವಾ ನನ್ನ ಭ್ರಮೆಯೋ?)

ಲಾರಿಯ ಪಕ್ಕ ನೆಲಕ್ಕೆ ಕೂತು ಅಮ್ಮ ಒಂದೇ ಉಸಿರಿಗೆ ಅಂದ "ಸಾಕು ಬಿಡ್ರಿ" ಅನ್ನುವ ಮಾತನ್ನು, ಅಡುಗೆಮನೆ ಬಾಗಿಲಲ್ಲಿ ಕಾದು ನಿಂತವರಿಗೆ ನಾನು ಯಾಕೆ ಅನ್ನಲಿಲ್ಲ?